ನಾಯಿ, ಬೆಕ್ಕು, ಮೂರು ಗೆರೆ

ನಮ್ಮ ಅಂಗಡಿಗೆ ಹೊಸದಾಗಿ ಸೇರಿದವರು ಈಗಲೂ ಮನೆಗೆ ಬಂದು ಕೇಳುವುದು ಒಂದೇ ಮಾತು: ಇಂಗ್ಲಿಷ್ ಬೆಳ್ಳಿಯ ಮುದ್ರೆ ಓದುವುದು ಹೇಗೆ? ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ಸಿಂಹ ಎಡಕ್ಕೆ ನಡೆಯುತ್ತಿದ್ದರೆ ಬೆಳ್ಳಿ ಚೊಕ್ಕ. ಚಿರತೆಯ ತಲೆ ಇದ್ದರೆ ಲಂಡನ್ನಿನಲ್ಲಿ ಪರೀಕ್ಷೆಯಾದ ಮಾಲು, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನದು, ಕಿರೀಟ ಇದ್ದರೆ ಶೆಫೀಲ್ಡಿನದು. ಒಂಟಿ ಅಕ್ಷರ ವರ್ಷ ಹೇಳುತ್ತದೆ. ಜೋಡಿ ಅಕ್ಷರ ಮಾಡಿದವನ ಹೆಸರು. ರಾಜನದೋ ರಾಣಿಯದೋ ಪುಟ್ಟ ಮುಖವಿದ್ದರೆ ಸುಂಕ ಕಟ್ಟಿದ ಗುರುತು. ಇಷ್ಟನ್ನು ಕಲಿತು ಬೆಳ್ಳಿಯ ಕೆಲಸವನ್ನೇ ಕಲಿತೆನೆಂದು ನಾನು ಹದಿನೈದು ವರ್ಷ ತಿಳಿದುಕೊಂಡಿದ್ದೆ. ಅದರಿಂದ ದಾಂಡೇಲಿಯ ಬಂಗಲೆಯಲ್ಲಿ ಅಡಿಗೆ ನೋಡಿಕೊಳ್ಳುತ್ತಿದ್ದ ಒಬ್ಬ ಖಾನಸಾಮಾನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ಆ ಸಂಗತಿಯನ್ನು ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲಿನದೂ ಸ್ವಲ್ಪ ಹೇಳಬೇಕು.

ನಮ್ಮದು ಹಳಿಯಾಳದ ಲಿಂಗವಂತರ ಮನೆ. ಅಜ್ಜನ ಕಾಲದಿಂದ ಬೆಳ್ಳಿಯ ಕೆಲಸ. ಅದರಲ್ಲೂ ಕರಡಿಗೆ ನಮ್ಮ ಕೈಗೆ ಹತ್ತಿದ್ದು. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಸಂಪುಟ ಅದು. ಹಳಿಯಾಳ, ಮುಂಡಗೋಡ ಕಡೆಯ ಹಳ್ಳಿಗಳಲ್ಲಿ ನಮ್ಮ ಅಪ್ಪ ಬಸಲಿಂಗಪ್ಪನವರು ಮಾಡಿದ ಕರಡಿಗೆ ಇಲ್ಲದ ಓಣಿ ಕಡಿಮೆ. ಬೆಳ್ಳಿಗೆ ನಾವು ನೆಚ್ಚಿಕೊಂಡಿದ್ದುದು ಸಾಹೇಬರುಗಳನ್ನು. ದಾಂಡೇಲಿಯ ಕಾಡಿನ ಅಧಿಕಾರಿಗಳು, ಕಟ್ಟಿಗೆ ಡಿಪೋದ ದೊರೆಗಳು, ರೈಲಿನವರು ವರ್ಗವಾಗಿ ಹೋಗುವಾಗ ಚಹದ ಕಿತ್ತಲಿ, ಹಾಲಿನ ಜಗ್ಗು, ತಟ್ಟೆ, ಚಮಚಗಳನ್ನು ಮಾರಿ ಹೋಗುತ್ತಿದ್ದರು. ನಾವು ತಂದು ಕರಗಿಸುತ್ತಿದ್ದೆವು. ಯಾವುದೋ ಮೇಮಸಾಹೇಬರ ಅಜ್ಜಿಯ ಕಿತ್ತಲಿ ಇವತ್ತು ನಮ್ಮ ಸೀಮೆಯ ಎಷ್ಟೋ ಜನರ ಎದೆಯ ಮೇಲೆ ಕೂತಿದೆ. ಅವರಿಗೆ ಅದು ಗೊತ್ತಿಲ್ಲ, ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.

ಅಪ್ಪನಿಗೆ ಇಂಗ್ಲಿಷ್ ಬಾರದು. ಮುದ್ರೆಗಳಿಗೆ ಅವರೇ ಹೆಸರಿಟ್ಟಿದ್ದರು. ಸಿಂಹ ಅವರಿಗೆ ನಾಯಿ. ಚಿರತೆಯ ತಲೆ ಬೆಕ್ಕು. ಲಂಗರು ಮೀನಿನ ಗಾಳ. ಅಂಗಡಿಯಲ್ಲಿ ಎಲ್ಲರೂ ಅದನ್ನೇ ಬಳಸುತ್ತಿದ್ದೆವು: 'ನಾಯಿ-ಬೆಕ್ಕಿನ ಮಾಲು ಬಂದೈತಿ' ಅಂದರೆ ಲಂಡನ್ನಿನ ಬೆಳ್ಳಿ, 'ನಾಯಿ-ಗಾಳ' ಅಂದರೆ ಬರ್ಮಿಂಗ್‌ಹ್ಯಾಮಿನದು. ಆದರೆ ನಾಯಿ ಇದ್ದರೂ ಬೆಕ್ಕು ಇದ್ದರೂ ಅಪ್ಪ ಒರೆಗಲ್ಲಿಗೆ ಉಜ್ಜದೆ ಒಂದು ಚಮಚವನ್ನೂ ಒಳಗೆ ತೆಗೆದುಕೊಂಡವರಲ್ಲ. ಉಜ್ಜುವುದು, ಗೆರೆಯ ಮೇಲೆ ಒಂದು ಹನಿ ಆಮ್ಲ ಬಿಡುವುದು, ಬಣ್ಣ ತಿರುಗುವುದನ್ನು ನೋಡುವುದು. ಮಾತಾಡುತ್ತ ಮಾತಾಡುತ್ತಲೇ ಮುಗಿಸಿಬಿಡುತ್ತಿದ್ದರು.

ನಾನು ಧಾರವಾಡದಲ್ಲಿ ನಾಲ್ಕು ಇಂಗ್ಲಿಷ್ ಇಯತ್ತೆ ಓದಿ ಬಂದವನು. ಒರೆಗಲ್ಲು ನನಗೆ ಅಜ್ಜನ ಕಾಲದ ಕೆಲಸವಾಗಿ ಕಂಡಿತು. ದಾಂಡೇಲಿಯಲ್ಲಿ ಒಬ್ಬ ರೈಲ್ವೆ ಇಂಜಿನಿಯರರ ಹೆಂಡತಿ ಚಹದ ಸೆಟ್ಟು ಮಾರುವಾಗ ಒಂದು ಸಣ್ಣ ಪುಸ್ತಕ ತೆಗೆದು, ಯಾವ ಅಕ್ಷರ ಯಾವ ವರ್ಷ ಎಂದು ತೋರಿಸಿದರು. ಅದನ್ನು ಮೂರು ದಿನದ ಮಟ್ಟಿಗೆ ಕೇಳಿ ತಂದು ಪೂರ್ತಿ ನನ್ನ ವಹಿಯಲ್ಲಿ ನಕಲು ಮಾಡಿಕೊಂಡೆ. ಅಕ್ಷರಗಳು ಹೇಗೋ ಬಂದವು, ಆದರೆ ಸಿಂಹ ಬರೆಯಲು ಬರಲಿಲ್ಲ. ಅಪ್ಪ ವಹಿಯನ್ನು ತಿರುವಿ ನೋಡಿ, ನಾನು ನಾಯಿ ಎಂದು ಕರೆದದ್ದು ಸುಳ್ಳೇನಲ್ಲ ನೋಡು ಎಂದು ನಕ್ಕರು. ಆಮೇಲೆ ಒಂದು ಭೂತಗನ್ನಡಿ ತರಿಸಿಕೊಂಡೆ. ಖರೀದಿಗೆ ಹೋಗುವುದು ನನ್ನ ಕೆಲಸ, ಕುಲುಮೆಯ ಮುಂದೆ ಕೂಡುವುದು ಅವರ ಕೆಲಸ ಎಂದು ತಾನಾಗಿಯೇ ಪಾಲಾಯಿತು. ನಾನು ಮುದ್ರೆ ನೋಡಿ ಮಾಲು ತರುವುದು, ಅವರು ಮತ್ತೆ ಅದನ್ನು ಕಲ್ಲಿಗೆ ಉಜ್ಜುವುದು. ನನಗೆ ಸಿಟ್ಟು ಬರುತ್ತಿತ್ತು.

"ಮುದ್ರಿ ಓದಾಕ ಕಲತಿ," ಎನ್ನುತ್ತಿದ್ದರು ಅಪ್ಪ. "ಬೆಳ್ಳಿ ಓದಾಕ ಯಾವಾಗ ಕಲೀತಿ?"

ಒಂದು ಸಲ ಮುಂಡಗೋಡದಲ್ಲಿ ನಿವೃತ್ತರಾದ ಒಬ್ಬ ಅಧಿಕಾರಿಯ ಮನೆಯಿಂದ ಕಿತ್ತಲಿ ಮಾರಾಟಕ್ಕಿದೆ ಎಂದು ಹೇಳಿಕಳಿಸಿದರು. ಹೋಗಿ ನೋಡಿದೆ. ತಳದಲ್ಲಿ ಸಾಲಾಗಿ ನಾಲ್ಕು ಪುಟ್ಟ ಚೌಕಗಳು, ಒಂದೊಂದರಲ್ಲಿ ಒಂದೊಂದು ಬಳ್ಳಿಯಂಥ ಅಕ್ಷರ. ಉಜ್ಜಿ ಉಜ್ಜಿ ಅರ್ಧ ಅಳಿಸಿಹೋಗಿತ್ತು. ನಾಲ್ಕು ಮುದ್ರೆ ಇದೆ ಅಂದ ಮೇಲೆ ಬೆಳ್ಳಿಯೇ ಎಂದು ನಿಶ್ಚಯಿಸಿ ತಂದೆ. ಅಪ್ಪ ಕಲ್ಲು ತೆಗೆದರು. ನಾನು ಬೇಡವೆಂದು ಹಟ ಮಾಡಿದೆ. ಅವರು ಕಲ್ಲನ್ನು ಬದಿಗಿಟ್ಟು, ಮುಚ್ಚಳವನ್ನು ತೆಗೆದಿಟ್ಟು ಮಿಕ್ಕಿದ್ದನ್ನು ಮುರಿದು ಮೂಸೆಗೆ ಹಾಕಿದರು. ಬೆಳ್ಳಿ ಕರಗುವ ಹೊತ್ತು ದಾಟಿದರೂ ಅದು ಕರಗಲಿಲ್ಲ. ಇನ್ನಷ್ಟು ತಿದಿ ಒತ್ತಿದಾಗ ಮೂಸೆಯಿಂದ ಬಿಳಿ ಹೊಗೆ ಎದ್ದು ಅಂಗಡಿ ತುಂಬ ತುಂಬಿತು. ಎದುರಿನ ಅಂಗಡಿಯವರು ಬೆಂಕಿ ಬಿತ್ತೆಂದು ಓಡಿಬಂದರು. ಆ ನಾಲ್ಕು ಅಕ್ಷರಗಳು ಬೇರೆ ಲೋಹಕ್ಕೆ ಮೇಲೆ ಬೆಳ್ಳಿಯ ನೀರು ಹಿಡಿಸಿದ ಪಾತ್ರೆ ಎಂದು ಹೇಳುವ ಅಕ್ಷರಗಳು. ನಾನು ಊರು, ವರ್ಷ, ಹೆಸರು ಎಂದು ಓದಿದ್ದೆ.

ಅಪ್ಪ ಬೈಯಲಿಲ್ಲ. ತೆಗೆದಿಟ್ಟಿದ್ದ ಆ ಮುಚ್ಚಳವನ್ನು ಅಂಗಾತ ಇಟ್ಟು ಅದರಲ್ಲಿ ವಿಭೂತಿ ತುಂಬಿ ಗದ್ದುಗೆಯ ಪಕ್ಕದಲ್ಲಿಟ್ಟುಕೊಂಡರು. ಅಂಗಡಿಗೆ ಬಂದವರು ಇದು ಎಲ್ಲಿಯದು ಎಂದು ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ಅದು ಅಲ್ಲೇ ಇತ್ತು. ಬೈದಿದ್ದರೆ ಒಂದು ದಿನಕ್ಕೆ ಮುಗಿದುಹೋಗುತ್ತಿತ್ತು.

ಇನ್ನೊಂದು ಸಲ ಕುಂಬಾರವಾಡದ ಕಡೆಯ ಹೆಂಗಸೊಬ್ಬಳು ಸಣ್ಣ ತಟ್ಟೆ ತಂದಳು. ಗೋವೆಯಲ್ಲಿದ್ದ ಅವಳ ತಾಯಿಗೆ ಯಾರೋ ಕೊಟ್ಟದ್ದಂತೆ. ಅಣಶಿಯ ಘಟ್ಟ ಹತ್ತಿ ಅದು ಅವಳ ಜೊತೆ ಬಂದಿತ್ತು. ಮುದ್ರೆಯಲ್ಲಿ ಸಿಂಹವಿಲ್ಲ, ಕಿರೀಟವಿಲ್ಲ, ಉದ್ದ ಮೂತಿಯ ಯಾವುದೋ ಪ್ರಾಣಿಯ ತಲೆ. ನನ್ನ ವಹಿಯನ್ನು ಮೊದಲಿಂದ ಕೊನೆತನಕ ಹುಡುಕಿದೆ. ಇರಲಿಲ್ಲ. ಆ ಹೆಂಗಸು ಕೊಂಕಣಿಯಲ್ಲಿ ನಗುತ್ತ, ಅದು ಕಾಡುಹಂದಿ, ಪ್ರತಿ ವರ್ಷ ನಮ್ಮ ಭತ್ತ ತಿಂದುಹೋಗುವುದು ಅದೇ, ನನಗೆ ಗುರುತು ಸಿಗದೇ ಇರುತ್ತದೆಯೇ ಎಂದಳು. ಹಂದಿಯ ಮುದ್ರೆ ಒತ್ತುವ ಸರಕಾರ ಎಲ್ಲಿಯಾದರೂ ಇದೆಯೇ ಎಂದು ನಾನು ಅದನ್ನು ಬೇಡವೆಂದು ತಿರುಗಿಸಿ ಕೊಟ್ಟೆ. ಪೋರ್ತುಗೀಸರು ಚೊಕ್ಕ ಬೆಳ್ಳಿಗೆ ಹಂದಿಯ ತಲೆಯನ್ನೇ ಒತ್ತುತ್ತಾರೆಂದು ಎಷ್ಟೋ ದಿನದ ಮೇಲೆ ತಿಳಿಯಿತು. ಅಪ್ಪ ಊಟಕ್ಕೆ ಹೋದವರು ಬರುವಷ್ಟರಲ್ಲಿ ಅವಳು ಬೇರೆ ಅಂಗಡಿ ಸೇರಿದ್ದಳು. ಇಂಗ್ಲೆಂಡಿನ ಬೆಳ್ಳಿ ಬಿಟ್ಟು ಲೋಕದಲ್ಲಿ ಬೆಳ್ಳಿಯೇ ಇಲ್ಲವೇನು ಎಂದು ಅಪ್ಪ ಅಂದು ಕೇಳಿದ್ದು ಸರಿಯಾಗಿಯೇ ಇತ್ತು.

ಹೀಗೆಂದು ನನಗೆ ಏನೂ ಬರುತ್ತಿರಲಿಲ್ಲ ಎಂದಲ್ಲ. ಕೆಲವು ಸಂಗತಿಗಳನ್ನು ನಾನೇ ಕಂಡುಕೊಂಡಿದ್ದೆ. ಬಂಗಲೆಗಳಲ್ಲಿ ಆಳುಗಳು ಬೂದಿ ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಸಿಂಹದ ಕಾಲು ಬಾಲ ಎಲ್ಲ ಅಳಿಸಿಬಿಟ್ಟಿರುತ್ತಾರೆ. ಅಂಥ ಕಡೆ ಬಾಯಿಂದ ಹಾ ಎಂದು ಬಿಸಿಯುಸಿರು ಬಿಡಬೇಕು. ಆವಿ ಆರುವ ಆ ಒಂದು ಕ್ಷಣದಲ್ಲಿ ಅಳಿಸಿದ ಮುದ್ರೆ ಎದ್ದು ಕಾಣುತ್ತದೆ. ಕಂಡದ್ದು ಸಾಲದಿದ್ದರೆ ಮೇಣ ಒತ್ತಿ ಪಡಿಯಚ್ಚು ತೆಗೆದು ಮನೆಯಲ್ಲಿ ನಿಧಾನವಾಗಿ ನೋಡಬಹುದು. ನಕಲಿ ಮುದ್ರೆ ಹಿಡಿಯುವುದರಲ್ಲಿಯೂ ನನ್ನ ಹೆಸರಾಯಿತು. ನಿಜವಾದ ಮುದ್ರೆಯನ್ನು ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದಿರುತ್ತಾರೆ, ಅಂಚು ಚೂಪಾಗಿರುತ್ತದೆ. ನಕಲಿನವರು ಇಡೀ ವಸ್ತುವನ್ನು ಮಣ್ಣಿನಲ್ಲಿ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಮುದ್ರೆಯೂ ಅದರ ಜೊತೆಗೇ ಬರುತ್ತದೆ, ಆದರೆ ಅಂಚು ಮೆತ್ತಗಿರುತ್ತದೆ. ಬೆಳಗಾವಿಯಿಂದಲೂ ನನ್ನನ್ನು ಕೇಳಿಕೊಂಡು ಬರುತ್ತಿದ್ದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ರೂಪಾಯಿಯೊಳಗಿನ ಬೆಳ್ಳಿ ಅರ್ಧಕ್ಕೆ ಇಳಿಯಿತು. ಜನ ನಾಣ್ಯವನ್ನು ನಂಬದೆ ಹಳೆಯ ಇಂಗ್ಲಿಷ್ ಬೆಳ್ಳಿಯನ್ನು ಹುಡುಕಿಕೊಂಡು ಬರತೊಡಗಿದರು. ನನ್ನ ಭೂತಗನ್ನಡಿಗೆ ಬಿಡುವಿರಲಿಲ್ಲ. ಅಪ್ಪ ಯುದ್ಧ ಮುಗಿಯುವ ಮೊದಲೇ ತೀರಿಕೊಂಡರು. ಅವರ ಒರೆಗಲ್ಲನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟೆ. ನನಗೆ ಅದರ ಅಗತ್ಯ ಕಾಣಲಿಲ್ಲ.

ಈಗ ಖಾನಸಾಮಾನ ಸಂಗತಿಗೆ ಬರುತ್ತೇನೆ. ಅವರ ಹೆಸರು ಹುಸೇನಸಾಬ. ಹಳಿಯಾಳದವರೇ, ದಾಂಡೇಲಿಯ ಒಂದು ಬಂಗಲೆಯಲ್ಲಿ ಒಬ್ಬರೇ ಸಾಹೇಬರ ಕೈಕೆಳಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಅಡಿಗೆ, ಬೆಳ್ಳಿ ಸಾಮಾನು ಎರಡನ್ನೂ ನೋಡಿಕೊಂಡಿದ್ದರು. ನನಗಿಂತ ಬಹಳ ದೊಡ್ಡವರು. ಖರೀದಿಗೆ ಹೋದಾಗೆಲ್ಲ ನನ್ನನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಕೂಡಿಸುತ್ತಿದ್ದರು. ಅವರ ಕೈಯ ಚಹ ನಾನು ಕುಡಿಯುವುದಿಲ್ಲವೆಂದು ಗೊತ್ತಿದ್ದುದರಿಂದ ಹಿತ್ತಿಲ ಬಾಳೆಹಣ್ಣು ತಂದು ಸಿಪ್ಪೆ ಸಮೇತ ಮುಂದಿಡುತ್ತಿದ್ದರು. ಅಪ್ಪನ ಆರೋಗ್ಯ ಕೇಳುತ್ತಿದ್ದರು. ಅವರಿಬ್ಬರಿಗೂ ಪರಿಚಯವಿದೆ ಎಂದು ಗೊತ್ತಿತ್ತು, ಎಂಥ ಪರಿಚಯವೆಂದು ನಾನು ಕೇಳಿರಲಿಲ್ಲ.

ಯುದ್ಧ ಮುಗಿದು ಸಾಹೇಬರೆಲ್ಲ ಗಂಟು ಕಟ್ಟುವ ಕಾಲ ಬಂತು. ಹುಸೇನಸಾಬರ ಸಾಹೇಬರೂ ಹೊರಟರು. ಬೆಳಗಾವಿಯ ಒಂದು ಕ್ಲಬ್ಬಿನಲ್ಲಿ ಹುಸೇನಸಾಬರಿಗೆ ಕೆಲಸ ಗೊತ್ತಾಗಿತ್ತು. ಸಾಹೇಬರು ಕೈಯಾರೆ ಒಂದು ಚಿಟ್ಟಿ ಬರೆದುಕೊಡಬೇಕು, ಈತ ನಂಬಿಗಸ್ತ ಎಂದು, ಅಷ್ಟೇ. ಆ ಕಾಲದಲ್ಲಿ ಹಳೆಯ ಸಾಹೇಬರ ಚಿಟ್ಟಿ ಇಲ್ಲದ ಖಾನಸಾಮಾನಿಗೆ ಯಾವ ಅಡಿಗೆಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಐವತ್ತು ದಾಟಿದವರು ಬೇರೆ ಏನು ಕೆಲಸ ಮಾಡಿಯಾರು?

ಬೆಳ್ಳಿಯ ಮಾಲು ನೋಡಲು ನನ್ನನ್ನು ಕರೆಸಿದರು. ವರಾಂಡದಲ್ಲಿ ಮೇಜು ಹಾಕಿ ಹಸಿರು ಬಟ್ಟೆ ಹಾಸಿದ್ದರು. ಹುಸೇನಸಾಬರು ಪೆಟ್ಟಿಗೆಯಿಂದ ಹನ್ನೆರಡು ದೊಡ್ಡ ಚಮಚಗಳನ್ನು ತೆಗೆದು ಸಾಲಾಗಿ ಇಟ್ಟರು. ಸಾಹೇಬರ ಅಜ್ಜಿಯ ಕಾಲದವು. ನಾಯಿ, ಬೆಕ್ಕು, ರಾಜನ ಮುಖ, ವರ್ಷದ ಅಕ್ಷರ, ಮಾಡಿದವನ ಜೋಡಿ ಅಕ್ಷರ, ಐದೂ ಇದ್ದವು. ಹನ್ನೊಂದರಲ್ಲಿ ಮುದ್ರೆಗಳು ಒಂದೊಂದು ಬಗೆಯಾಗಿ ಬಿದ್ದಿದ್ದವು. ಒಂದರಲ್ಲಿ ಬೆಕ್ಕು ಓರೆ, ಇನ್ನೊಂದರಲ್ಲಿ ಅಕ್ಷರ ಅಂಚಿಗೆ. ಕೈಯಿಂದ ಹೊಡೆದದ್ದು ಹಾಗೇ ಇರಬೇಕು. ಹನ್ನೆರಡನೆಯದನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಇದನ್ನು ಈಗಷ್ಟೇ ನೋಡಿದೆನಲ್ಲ ಅನ್ನಿಸಿತು. ಏಳನೆಯದನ್ನು ಪಕ್ಕಕ್ಕೆ ಹಿಡಿದೆ. ಏಳನೆಯದರಲ್ಲಿ ಸಿಂಹದ ಬಾಲ ಎಲ್ಲಿ ತುಂಡಾಗಿತ್ತೋ ಇದರಲ್ಲಿಯೂ ಅಲ್ಲೇ ತುಂಡು. ಅದರಲ್ಲಿ ಒಂದು ಗೀರು ಎಲ್ಲಿ ಹಾದುಹೋಗಿತ್ತೋ ಇದರಲ್ಲಿಯೂ ಅಲ್ಲೇ, ಆದರೆ ಇದರಲ್ಲಿ ಗೀರಿಗೆ ಚೂಪಿಲ್ಲ. ಏಳನೆಯದನ್ನು ಅಚ್ಚಿಟ್ಟು ಹೊಯ್ದ ಎರಕ ಇದು.

ನಾನು ಅದನ್ನು ಮೆಲ್ಲಗೆ ಸಾಹೇಬರ ಕಿವಿಯಲ್ಲಿ ಹೇಳಬಹುದಿತ್ತು. ಹೊರಗೆ ಬಂದು ಹುಸೇನಸಾಬರನ್ನು ಮೊದಲು ಕೇಳಬಹುದಿತ್ತು. ಹಾಗೆ ಮಾಡಲಿಲ್ಲ. ಸಾಹೇಬರ ಕೈಗೆ ಭೂತಗನ್ನಡಿ ಕೊಟ್ಟು ಒಂದೊಂದಾಗಿ ತೋರಿಸಿದೆ. ಹಿಂದುಸ್ತಾನಿ ನನಗೆ ಚೆನ್ನಾಗಿ ಬರುತ್ತಿತ್ತು, ಅಂದು ಇನ್ನೂ ಚೆನ್ನಾಗಿ ಬಂತು. ಕೊನೆಗೆ ಚಮಚದ ಬಟ್ಟಲು ದಂಡಿಗೆ ಕೂಡುವ ಮೂಲೆಯಲ್ಲಿ ಮೂರು ಸಣ್ಣ ಗೆರೆಗಳು ಕಂಡವು, ಅರದಿಂದ ಎಳೆದದ್ದು, ನಡುವಿನದು ಗಿಡ್ಡ. ಅದನ್ನೂ ಬಿಡಲಿಲ್ಲ. ನೋಡಿ, ಯಾವನೋ ಕೈ ಪಳಗದ ಕೆಲಸಗಾರ, ಅರದ ಗೆರೆಯನ್ನು ಉಜ್ಜಿ ತೆಗೆಯುವಷ್ಟು ತಾಳ್ಮೆಯೂ ಅವನಿಗಿಲ್ಲ ಎಂದೆ. ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಹುಸೇನಸಾಬರು ಆ ಮಾತಿಗೆ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದರು.

ಸಾಹೇಬರು ಅವರನ್ನು ಕೇಳಿದರು. ಹುಸೇನಸಾಬರು ಇದ್ದದ್ದನ್ನೇ ಹೇಳಿದರು. ಬಹಳ ವರ್ಷಗಳ ಹಿಂದೆ ಕೋಗಿಲಬನದಲ್ಲಿ ಹೊಳೆಯ ದಂಡೆಯ ಮೇಲೆ ಸಾಹೇಬರ ಮಂದಿಗೆ ಊಟವಿತ್ತು. ಚಮಚಗಳನ್ನು ಉಸುಕು ಹಚ್ಚಿ ತೊಳೆಯುವಾಗ ಒಂದು ಕೈತಪ್ಪಿ ಕಾಳಿ ನದಿಗೆ ಹೋಯಿತು. ಮೇಮಸಾಹೇಬರಿಗೆ ಹೇಳಲು ಹೆದರಿ, ತಮ್ಮದೇ ಬೆಳ್ಳಿ ಕೊಟ್ಟು ಅಂಥದ್ದೇ ಒಂದನ್ನು ಮಾಡಿಸಿ ಇಟ್ಟದ್ದಾಗಿ ಹೇಳಿದರು. ಮಾಡಿದವರು ಯಾರು ಎಂದು ಸಾಹೇಬರು ಕೇಳಿದರು. ಹುಸೇನಸಾಬರು ಮತ್ತೆ ನನ್ನ ಕಡೆ ನೋಡಿದರು. ನೆನಪಿಲ್ಲ ಎಂದರು.

ಅಲ್ಲಿಗೆ ಕೆಟ್ಟಿತು. ಇಷ್ಟೆಲ್ಲ ನೆನಪಿರುವವನಿಗೆ ಅದೊಂದು ನೆನಪಿಲ್ಲವೇ ಎಂದು ಸಾಹೇಬರು ಕೇಳಿದರು. ಒಳ್ಳೆಯ ಚಮಚವನ್ನು ಮಾರಿಕೊಂಡು ಯಾವುದೋ ಕೆಟ್ಟ ಲೋಹದ ನಕಲನ್ನು ಇಟ್ಟಿದ್ದೀಯ ಎಂದರು. ಪೊಲೀಸರಿಗೆ ಹೇಳುವುದಿಲ್ಲ, ಆದರೆ ಚಿಟ್ಟಿಯ ಮಾತನ್ನು ಎತ್ತಬೇಡ ಎಂದು ಎದ್ದುಹೋದರು. ನನ್ನ ಬುದ್ಧಿವಂತಿಕೆಯನ್ನು ಮಾತ್ರ ಹೊಗಳಿ, ಎರಡು ದಿನ ಬಿಟ್ಟು ಬಂದು ಮಾಲು ಒಯ್ಯಲು ಹೇಳಿದರು. ನಿಜ ಹೇಳಬೇಕೆಂದರೆ, ಹಳಿಯಾಳಕ್ಕೆ ಬರುವಾಗ ಮೋಟಾರಿನಲ್ಲಿ ನಾನು ಖುಷಿಯಾಗಿದ್ದೆ. ಹುಸೇನಸಾಬರ ಮುಖ ನೆನಪಾದಾಗ, ತಪ್ಪು ಮಾಡಿದವರು ಅವರು, ನಾನಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತೆ. ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಮುಚ್ಚಳ ಅಂಗಾತ ಮುಂದೆ ಬಿದ್ದಿತ್ತು. ಅದರ ಒಳಮೈಯಲ್ಲಿ ಮೂರು ಗೆರೆ. ನನಗೆ ಅವು ಹುಟ್ಟಿದಾಗಿನಿಂದ ಪರಿಚಯ. ಅಪ್ಪ ಮಾಡಿದ ಎಲ್ಲ ಕರಡಿಗೆಯಲ್ಲಿಯೂ ಇರುತ್ತಿದ್ದವು, ಹಣೆಯ ವಿಭೂತಿಯ ಹಾಗೆ. ಭಕ್ತಿಗೆ ಎಳೆಯುತ್ತಾರೆ ಎಂದುಕೊಂಡು ನಾನು ಅವುಗಳನ್ನು ನೋಡುವುದನ್ನೇ ಬಿಟ್ಟಿದ್ದೆ. ಅಂದು ನೋಡಿದೆ. ಅರದಿಂದ ಎಳೆದದ್ದು. ನಡುವಿನದು ಗಿಡ್ಡ.

ಮಂತ್ರ ಎಲ್ಲಿಗೆ ಬಂದಿತ್ತೋ ಅಲ್ಲೇ ನಿಂತಿತು. ಲಂಡನ್ನಿನಲ್ಲಿ ಸತ್ತು ನೂರು ವರ್ಷವಾದವರನ್ನು ಎರಡು ಅಕ್ಷರದಲ್ಲಿ ಗುರುತು ಹಿಡಿಯುತ್ತಿದ್ದವನು ನಾನು. ಅಪ್ಪ ತಮ್ಮ ಕೆಲಸದ ಮೇಲೆ ತಮ್ಮ ಗುರುತು ಬಿಟ್ಟಿದ್ದರು. ಅದನ್ನು ನಾನು ಸಾಹೇಬರ ಮುಂದೆ ಕೈ ಪಳಗದವನ ಕೆಲಸ ಎಂದಿದ್ದೆ. ಹುಸೇನಸಾಬರು ಯಾಕೆ ತಲೆ ಎತ್ತಿದರು, ಯಾಕೆ ನೆನಪಿಲ್ಲ ಎಂದರು ಎಂಬುದು ಆಗ ತಿಳಿಯಿತು. ಈ ಮನುಷ್ಯನ ಅಪ್ಪನೇ ಮಾಡಿದ್ದು ಎಂದು ಒಂದು ಮಾತು ಹೇಳಿದ್ದರೆ ಅವರ ಚಿಟ್ಟಿ ಉಳಿಯುತ್ತಿತ್ತು. ನನಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಮಾತು ಹುಡುಕಿದರೂ ಸಿಗುವುದಿಲ್ಲ.

ಎರಡು ದಿನ ಕಾಯುವ ಹಾಗಿರಲಿಲ್ಲ. ಗೂಡಿನಿಂದ ಅಪ್ಪನ ಒರೆಗಲ್ಲನ್ನೂ ಆಮ್ಲದ ಸೀಸೆಯನ್ನೂ ತೆಗೆದುಕೊಂಡು ಹೊರಟೆ. ಆಗಿನ ಮೋಟಾರುಗಳು ಇದ್ದಲಿನ ಹೊಗೆಯಿಂದ ಓಡುತ್ತಿದ್ದವು. ಏರು ಬಂದಲ್ಲಿ ಎಲ್ಲರೂ ಇಳಿದು ನೂಕಬೇಕು. ಎರಡು ಸಲ ನೂಕಿ ದಾಂಡೇಲಿ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಂಗಲೆಯಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದರು.

ನನ್ನ ಕಸುಬಿನ ತಪ್ಪನ್ನು ಮೊದಲು ಹೇಳಿದೆ. ನಿನ್ನೆ ನಾನು ಮುದ್ರೆ ಓದಿದೆ, ಬೆಳ್ಳಿಯನ್ನು ಪರೀಕ್ಷೆ ಮಾಡಲಿಲ್ಲ ಎಂದೆ. ಸಾಹೇಬರು ಹುಬ್ಬು ಗಂಟಿಕ್ಕಿದರೂ ಚಮಚಗಳನ್ನು ತರಿಸಿದರು. ಏಳನೆಯದನ್ನೂ ಹನ್ನೆರಡನೆಯದನ್ನೂ ಕಲ್ಲಿಗೆ ಪಕ್ಕಪಕ್ಕದಲ್ಲಿ ಉಜ್ಜಿ ಎರಡರ ಮೇಲೂ ಆಮ್ಲದ ಹನಿ ಬಿಟ್ಟೆ. ಏಳನೆಯದರ ಗೆರೆ ಹೇಗಿರಬೇಕೋ ಹಾಗಿತ್ತು. ಹನ್ನೆರಡನೆಯದರದು ಅದಕ್ಕಿಂತ ಬಿಳುಪು. ಒಂದು ಚೂರು ಚೊಕ್ಕವೇ ಹೊರತು ಕಡಿಮೆಯಲ್ಲ. ಇಂಥ ಚಮಚವನ್ನು ಇಟ್ಟವರಿಗೆ ಇದರಿಂದ ಏನೂ ಉಳಿದಿರಲಾರದು, ಕೈಯಿಂದಲೇ ಹೋಗಿರಬೇಕು ಎಂದೆ.

ಮಾಡಿದವರು ಯಾರು ಎಂದು ಅವರು ಮತ್ತೆ ಕೇಳಿದರು. ಸರಕಾರದ ಮುದ್ರೆಯನ್ನು ನಕಲು ಮಾಡಿದ್ದು ನಮ್ಮ ಅಂಗಡಿ ಎಂದು ಒಪ್ಪಿಕೊಂಡರೆ ನಾಳೆಯಿಂದ ಯಾವ ಬಂಗಲೆಯೂ ನನ್ನನ್ನು ಒಳಗೆ ಬಿಡದೇ ಇರಬಹುದಿತ್ತು. ಆದರೂ ಅದಕ್ಕೇ ಬಂದಿದ್ದೆ. ಲಿಂಗವನ್ನು ಎಡಗೈಯ ಮುಷ್ಟಿಯಲ್ಲಿ ಎದೆಗೆ ಒತ್ತಿ ಹಿಡಿದು, ಬರಿದಾದ ಕರಡಿಗೆಯ ಮುಚ್ಚಳವನ್ನು ಚಮಚದ ಪಕ್ಕದಲ್ಲಿ ಆ ಹಸಿರು ಬಟ್ಟೆಯ ಮೇಲೆ ಇಟ್ಟೆ. ಅದನ್ನು ಹಾಗೆ ಪರರ ಮುಂದೆ ಬಿಚ್ಚಿದ್ದು ಜೀವನದಲ್ಲಿ ಅದೊಂದೇ ಸಲ. ಸಾಹೇಬರು ಭೂತಗನ್ನಡಿ ಹಿಡಿದು ಇಲ್ಲಿ ಮೂರು, ಅಲ್ಲಿ ಮೂರು ಗೆರೆ ನೋಡಿದರು. ನನ್ನ ಅಪ್ಪ ಎಂದೆ. ಅವರು ಮೋಸಕ್ಕೆಂದು ಮಾಡಿದ್ದಲ್ಲ. ಆ ಮುದ್ರೆಗಳು ಚಮಚದ ಅಂಗವೆಂದೇ ತಿಳಿದವರು, ಬಿಟ್ಟರೆ ಚಮಚ ಪೂರ್ತಿಯಾಗುವುದಿಲ್ಲ ಎಂದು ಇಟ್ಟರು, ತಮ್ಮ ಗುರುತನ್ನು ಬೇರೆಯಾಗಿಯೇ ಹಾಕಿದರು ಎಂದೆ. ನಿನ್ನೆ ನೀನು ಇದನ್ನು ನೋಡಿದ್ದೆಯಲ್ಲ ಎಂದು ಸಾಹೇಬರು ಕೇಳಿದರು. ನೋಡಿದ್ದೆ ಎಂದೆ.

ಸಾಹೇಬರು ಕೂತು ಚಿಟ್ಟಿ ಬರೆದರು. ಹನ್ನೊಂದು ಚಮಚ ನನಗೆ ಕೊಟ್ಟರು. ಹನ್ನೆರಡನೆಯದನ್ನು ಮಾರುವುದಿಲ್ಲ ಎಂದು ತಮ್ಮ ಪೆಟ್ಟಿಗೆಗೆ ಹಾಕಿಕೊಂಡರು. ಹನ್ನೊಂದೂ ಆಮೇಲೆ ನಮ್ಮ ಮೂಸೆಯಲ್ಲಿ ಕರಗಿ ಕರಡಿಗೆಗಳಾದವು. ಮುಚ್ಚಳದ ಒಳಗೆ ಮೂರು ಗೆರೆ ಎಳೆಯಲು ಅರ ಕೈಗೆ ತೆಗೆದುಕೊಂಡಿದ್ದೆ, ಆದರೆ ನನಗೆ ಹಕ್ಕಿಲ್ಲವೆನಿಸಿ ಇಟ್ಟುಬಿಟ್ಟೆ.

ಚಿಟ್ಟಿ ಹಿಡಿದುಕೊಂಡು ಅಡಿಗೆಮನೆಯ ಕಟ್ಟೆಗೆ ಹೋದೆ. ಹುಸೇನಸಾಬರಿಗೆ ಇಂಗ್ಲಿಷ್ ಬಾರದು, ಓದಿ ಹೇಳಿರಿ ಎಂದರು. ಈತ ನನ್ನ ಬಳಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಇದ್ದವನು, ಒಮ್ಮೆ ನನ್ನ ಒಂದು ಚಮಚ ಕಳೆದು ಅದಕ್ಕಿಂತ ಒಳ್ಳೆಯದನ್ನು ತಂದಿಟ್ಟವನು, ಈತನನ್ನು ನಂಬಬಹುದು ಎಂದು ಬರೆದಿತ್ತು. ಕನ್ನಡದಲ್ಲಿ ಹೇಳಿದೆ. ಅವರು ಚಿಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು.

"ಯಾರ ಮಾಡಿದ್ದು ಅಂತ ಬರದಾರೇನ್ರಿ ಅದರಾಗ?"

ಇಲ್ಲ ಎಂದೆ.

"ಛಲೋ ಆತು ಬಿಡ್ರಿ," ಎಂದು ಚಿಟ್ಟಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಒಳಗೆ ಹೋಗಿ ಅಭ್ಯಾಸದಂತೆ ಬಾಳೆಹಣ್ಣು ತಂದಿಟ್ಟರು. ನಾನು ಚಹ ಇದ್ದರೆ ಕೊಡಿ ಎಂದು ಕೇಳಿದೆ. ಅವರು ನನ್ನನ್ನೊಮ್ಮೆ ನೋಡಿ ಒಲೆಯ ಮೇಲೆ ನೀರಿಟ್ಟರು.

ಚಹ ಕುಡಿಯುವಾಗ ಎಲ್ಲ ಹೇಳಿದರು. ಬೆಳ್ಳಿ ಅವರ ಹೆಂಡತಿಯ ಒಂದು ಕಾಲ್ಗಡಗದ್ದು. ನಾನು ಖರೀದಿಗೆಂದು ಮುಂಡಗೋಡಕ್ಕೆ ಹೋದ ದಿನ ನೋಡಿಯೇ ಅಪ್ಪ ಅವರನ್ನು ಅಂಗಡಿಗೆ ಬರಹೇಳಿದ್ದರಂತೆ. ಮೂರು ಸಲ ಎರಕ ಹೊಯ್ದು ಮೂರನೆಯ ಸಲ ಒಪ್ಪಿಗೆಯಾದದ್ದನ್ನು ಕೊಟ್ಟರಂತೆ. ನಾನು ಹೋದ ದಿನವನ್ನೇ ಯಾಕೆ ನೋಡಿದರು ಎಂದು ಕೇಳಿದೆ.

ಹುಸೇನಸಾಬರು ಕುಡಿಯುತ್ತಿದ್ದ ಚಹದ ಬಸಿಯನ್ನು ಕೆಳಗಿಟ್ಟರು. "ಚನ್ನಪ್ಪಾರ, ನಿಮ್ಮಪ್ಪಾರು ನನ್ನ ಕಡಿಂದ ಮಾತ ತಗೊಂಡಿದ್ರು. ಊರ ಮಂದಿಗೆ ಬೇಕಾರ ಹೇಳ ಹುಸೇನಾ, ನನ್ನ ಮಗಗ ಮಾತ್ರ ಹೇಳಬ್ಯಾಡ ಅಂದಿದ್ರು. ಅಂವ ಭೂತಗನ್ನಡಿ ಹಿಡದ ನೋಡ್ತಾನ, ಎರಕ ಛಲೋ ಬಂದಿಲ್ಲ ಅಂತಾನ, ನನಗ ನಾಚಿಕಿ ಆಕ್ಕೈತಿ ಅಂದ್ರು."

ಅಪ್ಪ ಹೆದರಿದ್ದನ್ನೇ ನಾನು ಮಾಡಿದ್ದೆ. ಈಗ ಹೇಳೋಣವೆಂದರೆ ಕೇಳಲು ಅವರಿರಲಿಲ್ಲ. ಎದುರಿಗೆ ಇದ್ದವರಿಗೇ ಹೇಳಿದೆ.

"ಎರಕ ಛಲೋ ಬಂದಿತ್ರಿ, ಹುಸೇನಸಾಬ್ರ."

"ನನಗ ಗೊತ್ತೈತ್ರಿ," ಎಂದು ಅವರು ನನ್ನ ಬಸಿಗೆ ಇನ್ನಷ್ಟು ಚಹ ಹಾಕಿದರು. ಹಳಿಯಾಳದ ಮೋಟಾರು ಬರುವವರೆಗೆ ಇಬ್ಬರೂ ಆ ಕಟ್ಟೆಯ ಮೇಲೆಯೇ ಕೂತಿದ್ದೆವು.